ಹದಿಮೂರು ಸೊನ್ನೆಗಳು

ಗಿರಿಜಾ, ನಿನ್ನ ಹದಿಮೂರು ಸೊನ್ನೆಗಳು ನಿಜವಾಗಿದ್ದವು. ಅದು ನನಗೆ ಅಂದೇ ಗೊತ್ತಿತ್ತು. ಗೊತ್ತಿದ್ದೇ, ಮೌಖಿಕ ಪರೀಕ್ಷೆಯಲ್ಲಿ ನಾನು ನಿನ್ನನ್ನು ಸುಳ್ಳುಗಾತಿ ಮಾಡಿದೆ. ಇದನ್ನು ಬರೆಯಲು ಒಂಬತ್ತು ವರ್ಷ ಬೇಕಾಯಿತು — ಬೇಕಾಯಿತು ಅನ್ನುವುದೂ ತಪ್ಪೇ, ಬರೆಯದೆಯೂ ನಾನು ಆರಾಮಾಗಿಯೇ ಇದ್ದೆ.

ಎಂ.ಎಸ್ಸಿ. ಪ್ರಾಜೆಕ್ಟಿಗೆಂದು ಧಾರವಾಡದ ನನ್ನ ಲ್ಯಾಬಿಗೆ ನೀನು ಮೊದಲು ಬಂದ ದಿನ ನಿನ್ನ ಊಟದ ಡಬ್ಬಿಯಲ್ಲಿ ಗ್ಯಾಸ್‌ಬತ್ತಿಯ ಹಳೆಯ ಮ್ಯಾಂಟಲ್‌ಗಳಿದ್ದವು, ಬೆಳಕು ಕೊಡುವ ಆ ಬಲೆಯಂಥ ಪುಟ್ಟ ಚೀಲಗಳು. ಗಬ್ಬೂರಿನಲ್ಲಿ ನಿಮ್ಮಪ್ಪ ಮದುವೆ ಮೆರವಣಿಗೆಗಳಿಗೆ ಬತ್ತಿ ಬಾಡಿಗೆಗೆ ಕೊಡುತ್ತಿದ್ದರಲ್ಲ, ಅಲ್ಲಿಂದ ತಂದವು. ಅವುಗಳಲ್ಲಿ ಥೋರಿಯಂ ಇದೆ, ಅದರ ಯಾವ ಪರಮಾಣು ಯಾವಾಗ ಒಡೆಯುತ್ತದೆಂದು ದೇವರೂ ಹೇಳಲಾರ ಎಂದು ನೀನು ನನಗೇ ಪಾಠ ಹೇಳುವವಳ ಹಾಗೆ ಹೇಳಿದೆ. ಅವುಗಳ ಪಕ್ಕ ಗೈಗರ್ ಕೊಳವೆಯಿಟ್ಟು, ನೀನೇ ತಂತಿ ಬೆಸೆದು ಯಂತ್ರ ಕಟ್ಟಿದೆ. ಪರಮಾಣು ಒಡೆದದ್ದು ಕೊಳವೆಗೆ ತಿಳಿದಾಗಲೆಲ್ಲ ಒಂದು ಟಿಕ್. ಟಿಕ್‌ಗಳ ನಡುವಿನ ಎರಡು ಅಂತರಗಳಲ್ಲಿ ಮೊದಲನೆಯದು ದೊಡ್ಡದಾದರೆ ಸೊನ್ನೆ, ಎರಡನೆಯದು ದೊಡ್ಡದಾದರೆ ಒಂದು. ಯಾರೂ ಮುಂಚೆ ಊಹಿಸಲಾರದ ಅಂಕಿಗಳು. ಹಾಗೆ ನೀನು ಹತ್ತು ಸಾವಿರ ಕೂಡಿಸಿದೆ. ಒಂದು ಕಡೆ ಹದಿಮೂರು ಸೊನ್ನೆ ಸಾಲಾಗಿ ಬಂದಿದ್ದವು. ಅಷ್ಟು ಅಂಕಿಗಳಲ್ಲಿ ಅಂಥ ಉದ್ದದ ಸಾಲು ಬರುವುದು ಸಹಜ, ಬಾರದಿದ್ದರೇ ಅನುಮಾನಿಸಬೇಕು.

ಅಷ್ಟಕ್ಕೇ ನಿಂತಿದ್ದರೆ — ಆದರೆ ನಿನಗೆ ಗುರುಭಕ್ತಿ. ಹೋಲಿಸಿ ನೋಡಲೆಂದು ಗ್ರಂಥಾಲಯದಿಂದ ನನ್ನ ಹಳೆಯ ಪಿಎಚ್.ಡಿ. ಪ್ರಬಂಧವನ್ನು ಹೊತ್ತು ತಂದೆಯಲ್ಲ. ಅದರಲ್ಲೂ ಇಂಥದೇ ಅಂಕಿಗಳ ಕೋಷ್ಟಕ.

"ಸರ್, ನಿಮ್ಮ ಎರಡು ಸಾವಿರ ಅಂಕಿಯೊಳಗ ಯಾವ ಅಂಕಿನೂ ನಾಕಕ್ಕಿಂತ ಹೆಚ್ಚು ಸಲ ಎಲ್ಲೂ ಸಾಲಾಗಿ ಬಂದಿಲ್ರಿ. ನೀವು ಹೆಂಗ ಸೋಸಿದ್ರಿ? ನನಗೂ ಕಲಸ್ರಿ."

ಸೋಸಿರಲಿಲ್ಲ. ನನ್ನ ಕೊಳವೆ ಇಪ್ಪತ್ತು ಅಂಕಿಗಳಿಗೇ ಸತ್ತಿತ್ತು. ಉಳಿದದ್ದನ್ನು ಮೂರು ಮಧ್ಯಾಹ್ನ ಕುರ್ಚಿಯಲ್ಲಿ ಕೂತು ಕೈಯಿಂದ ಬರೆದಿದ್ದೆ. ಮನುಷ್ಯನ ಕೈ ಪುಕ್ಕಲು — ನಾಲ್ಕು ಸೊನ್ನೆ ಬರೆದ ಮೇಲೆ ಐದನೆಯದಕ್ಕೆ ಅಂಜುತ್ತದೆ, ಸುಳ್ಳೆಂದು ಕಂಡೀತು ಅಂತ. ನೀನು ಅದನ್ನು ಜಾಣತನವೆಂದು ತಿಳಿದೆ. ಇನ್ನೊಂದು ವಾರ ಯೋಚಿಸಿದ್ದರೆ ನಿನಗೆ ಗೊತ್ತಾಗಿಬಿಡುತ್ತಿತ್ತು.

ಪರೀಕ್ಷೆಯ ಬೆಳಿಗ್ಗೆ ಎಲ್ಲರಿಗಿಂತ ಮೊದಲು ನಾನು ಲ್ಯಾಬಿಗೆ ಬಂದೆ. ನಿನ್ನ ಯಂತ್ರದ ಒಂದು ತಂತಿಯ ಬೆಸುಗೆಯನ್ನು ಕಾಯಿಸಿ ಬಿಡಿಸಿದೆ. ತುದಿಯನ್ನು ಮಾತ್ರ ಅದರ ಜಾಗದಲ್ಲೇ ಒರಗಿಸಿಟ್ಟೆ, ತಾನಾಗಿ ಬಿಟ್ಟುಕೊಂಡಂತೆ ಕಾಣಲಿ ಎಂದು.

ಹೊರಗಿನಿಂದ ಬಂದ ಪರೀಕ್ಷಕರು ಯಂತ್ರ ಶುರುಮಾಡು ಎಂದರು. ಟಿಕ್ ಇಲ್ಲ. ನೀನು ಮೂರು ಸಲ ಗುಂಡಿ ಒತ್ತಿದೆ. ನಾನು ನಿನ್ನ ವರದಿಯ ಆ ಪುಟ ತೆರೆದೆ.

"ಹದಿಮೂರು ಸೊನ್ನಿ ಸಾಲಾಗಿ? ನಿಸರ್ಗಕ್ಕ ನಿದ್ದಿ ಹತ್ತಿತ್ತೇನವಾ?"

ಪರೀಕ್ಷಕರು ನಕ್ಕರು.

"ಇಲ್ರಿ ಸರ್, ನಿನ್ನಿ ಸಂಜೀತನಾ ಛಲೋ ನಡದಿತ್ರಿ."

"ಬಂದ್ ಬಿದ್ದ ಯಂತ್ರ ಅಂಕಿ ಕೊಡಂಗಿಲ್ಲ. ಇವನ್ನ ನೀನ ಕುಂತು ಬರದೀ."

ನನ್ನ ಕಳ್ಳತನವನ್ನೇ ಎತ್ತಿ ನಿನ್ನ ತಲೆಗೆ ಕಟ್ಟಿದೆ. ಈಗ ಮುಚ್ಚಿಡುವುದೇನು — ಆ ಕ್ಷಣ ನನಗೆ ಖುಷಿಯಾಯಿತು. ನೀನು ನಾಲ್ಕನೆಯ ಸಲ ಗುಂಡಿ ಒತ್ತುವುದನ್ನು ನೋಡುತ್ತ ನಾನು ಚಹಾ ಮುಗಿಸಿದೆ. ನಿನಗೆ ಸಿಕ್ಕಿದ್ದ ಸಂಶೋಧನೆಯ ಸೀಟು ಹೋಯಿತು. ನಿಮ್ಮಪ್ಪ ಕೈಮುಗಿದುಕೊಂಡು ಬಂದಾಗ, "ಲಗೂ ಒಂದು ವರಾ ನೋಡ್ರಿ" ಎಂದು ಹೇಳಿ ಕಳಿಸಿದೆ.

ಹೋದ ತಿಂಗಳು ಮೊಮ್ಮಗಳ ಟ್ಯೂಷನ್ ವಿಚಾರಿಸಲು ಕೇಶ್ವಾಪುರಕ್ಕೆ ಬಂದರೆ, ಕಲಿಸುವವಳು ನೀನು. ನೀನು ನನ್ನ ಕಾಲು ಮುಟ್ಟಿದೆ. ಮಕ್ಕಳಿಗೆ ನನ್ನನ್ನು ತೋರಿಸಿದೆ.

"ಇವರು ನಮ್ಮ ಸರ್. ನಾ ಒಂದು ಬೆಸಿಗಿ ಸಡ್ಲ ಬಿಟ್ಟಿದ್ದೆ. ಅಂಕಿ ನಾ ಬರದಿದ್ದಿಲ್ಲ, ಖರೇ. ಆದ್ರ ಕೆಟ್ಟ ಯಂತ್ರ ನಂಬಿದ್ದು ನಂದ ತಪ್ಪು. ಸರ್ ಹಿಡದ್ರು, ಛಲೋನ ಆತು."

ನಾನು ತಲೆಯಾಡಿಸಿದೆ. ಆಗಲಾದರೂ ಬಾಯಿ ತೆರೆಯಬಹುದಿತ್ತು — ತೆರೆದೆ, ನೀನು ಕೊಟ್ಟ ಬಿಸ್ಕೀಟು ತಿನ್ನಲು.

ಯಂತ್ರ ನನ್ನ ಮನೆಯ ಕಪಾಟಿನಲ್ಲಿದೆ. ಯಾರ ಕೈಗೂ ಸಿಗದಿರಲೆಂದು ನಿವೃತ್ತನಾದಾಗ ಎತ್ತಿಕೊಂಡು ಬಂದಿದ್ದೆ. ಮೊನ್ನೆ ಆ ಒಂದು ತಂತಿಯನ್ನು ಬೆಸೆದು ಗುಂಡಿ ಒತ್ತಿದೆ. ಟಿಕ್ ಎಂದಿತು.

ಭಾನುವಾರ ಅದನ್ನೂ ನನ್ನ ಪ್ರಬಂಧವನ್ನೂ ಈ ಕಾಗದವನ್ನೂ ತಂದುಕೊಡುತ್ತೇನೆ. ಕಾಗದದ ಇನ್ನೊಂದು ಪ್ರತಿ ವಿಶ್ವವಿದ್ಯಾಲಯಕ್ಕೆ ಅಂಚೆಯಲ್ಲಿ ಹೋಗಿದೆ. ನೀನು ಕ್ಷಮಿಸಬೇಕೆಂದು ಕೇಳುತ್ತಿಲ್ಲ. ಓದುವುದಾದರೆ ಆ ಮಕ್ಕಳ ಮುಂದೆಯೇ ಓದು. ನನ್ನ ಮಾತು ನಂಬಿ ನೀನು ಅವರಿಗೆ ತಪ್ಪು ಪಾಠ ಹೇಳಿದ್ದೀಯ. ನಿನ್ನ ಬೆಸುಗೆಗಳಲ್ಲಿ ಒಂದೂ ಸಡಿಲವಾಗಿರಲಿಲ್ಲ.