ಡಬ್ಬಿಯಲ್ಲೊಂದು ಕಪ್ಪು ಗುಂಡಿ

ಕತ್ತರಿ ಸತ್ತಳು. ಗುರುವಾರ ಬೆಳಿಗ್ಗೆ ಹತ್ತೂಕಾಲಿಗೆ, ಆಸ್ಪತ್ರೆಯ ಮೂರನೇ ಮಹಡಿಯಲ್ಲಿ, ಕಿಟಕಿಯಿಂದ ಎರಡನೇ ಮಂಚದ ಮೇಲೆ. ಐವತ್ತಮೂರು ವರ್ಷ. ಕಸುಬು ಹೊಲಿಗೆ.

ಅವಳಿಗೆ ತೊಡಿಸಲು ಒಳ್ಳೆಯ ಬಟ್ಟೆ ಬೇಕಿತ್ತು. ಅಂಗಡಿಯ ಬೀಗದ ಕೈ ಅವಳ ಗೆಳತಿಯ ಹತ್ತಿರ ಇತ್ತು. ಗೆಳತಿಯ ಜೊತೆ ಇನ್ನಿಬ್ಬರು ಹೋದರು. ಒಬ್ಬ ಆ ಗೆಳತಿಯ ಗಂಡ, ಲಿಫ್ಟ್ ಮೆಕ್ಯಾನಿಕ್. ಇನ್ನೊಬ್ಬ ಅದೇ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವನು. ಐವತ್ತರ ಹತ್ತಿರ ಬಂದರೂ ಒಂಟಿ. ಅವನನ್ನು ಎಲ್ಲರೂ ಎಕ್ಸ್‌ರೇ ಎಂದೇ ಕರೆಯುತ್ತಿದ್ದರು. ಮೂವರೂ ಅಂಗಡಿಯ ಮಹಡಿಯ ಕೋಣೆಗೆ ಹತ್ತಿದರು. ಗೋಡೆಯ ಮೇಲೆ ಒಂದು ಖಾಕಿ ಕಾಗದ ಇತ್ತು, ಬಟ್ಟೆಯ ಅಚ್ಚು ಕತ್ತರಿಸಲು ಬಳಸುವಂಥದ್ದು. ಎಕ್ಸ್‌ರೇ ಅದರ ಮುಂದೆ ನಿಂತು ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದ.

"ಕಪ್ಪು ಯಾರದು ಅಂತ ಕೇಳಬಾರದು. ಆಮೇಲೂ ಕೇಳಬಾರದು."

ಆಮೇಲೆ ಹೇಳಿದ: "ಅಕ್ಕನ್ನ ಕಳ್ಕೊಳ್ಳೋಕೆ ಈ ಒಂದು ಸಾಲು ಸಾಕಾಯ್ತು ನೋಡಿ."

ಹರಿಯಲೆಂದು ಕೈಯೆತ್ತಿದ. ಮೆಕ್ಯಾನಿಕ್ ತಡೆಯಲಿಲ್ಲ. ಕೈ ಅಲ್ಲೇ ನಿಂತಿತು, ಆಮೇಲೆ ತಾನಾಗಿ ಇಳಿಯಿತು. ಗೆಳತಿ ಬೀರುವಿನಿಂದ ಹಸಿರು ಅಂಗಿ ತೆಗೆಯುತ್ತಿದ್ದಳು. ಆ ಸಾಲನ್ನು ಯಾರಿಗಾಗಿ ಬರೆದದ್ದು ಎಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೇ.

ಕತ್ತರಿ ಎಂದು ಅಡ್ಡಹೆಸರು ಬಂದದ್ದು ಕಸುಬಿನಿಂದಲ್ಲ, ನಾಲಗೆಯಿಂದ. ಸೊಂಟದ ಅಳತೆ ಕೇಳಿ ಹೊಟ್ಟೆ ಒಳಗೆ ಎಳೆದುಕೊಂಡ ಗಿರಾಕಿಗೆ, "ಉಸಿರು ಬಿಡಿ ಸ್ವಾಮಿ, ಪ್ಯಾಂಟು ಹಾಕ್ಕೊಂಡಮೇಲೂ ಬದುಕಿರಬೇಕಲ್ಲ" ಎನ್ನುತ್ತಿದ್ದಳು. ಮದುವೆಯಾಗಿ ಎರಡು ವರ್ಷಕ್ಕೆ ಗಂಡ ಬಿಟ್ಟುಹೋಗಿದ್ದ. ಅದನ್ನು ಯಾರಾದರೂ ಕೆದಕಿದರೆ, "ಅಳತೆ ತಪ್ಪಿತ್ತು, ವಾಪಸ್ ಕೊಟ್ಟೆ" ಎಂದು ಮುಗಿಸಿಬಿಡುತ್ತಿದ್ದಳು. ಕೆಳಗೆ ಎಂಟಡಿ ಅಗಲದ ಅಂಗಡಿ: ಎರಡು ಮಷೀನು, ಒಂದು ಮೇಜು, ಇಸ್ತ್ರಿಯ ಬಿಸಿ ವಾಸನೆ. ಮೇಲೆ ಬಟ್ಟೆ ಹಾಕಿ ನೋಡುವ ಕೋಣೆ. ಸಿದ್ಧ ಉಡುಪಿನ ಅಂಗಡಿಗಳು ಬಂದಮೇಲೆ ಹೊಸ ಹೊಲಿಗೆ ಕಡಿಮೆಯಾಗಿ, ಗಿಡ್ಡ ಮಾಡುವುದು, ಸಡಿಲ ಮಾಡುವುದೇ ಹೆಚ್ಚಾಗಿತ್ತು. ಆದರೂ ಅವಳ ಒಂದು ಅಭ್ಯಾಸ ಬದಲಾಗಲಿಲ್ಲ. ಬರೀ ಒಂದು ಕಾಜಾ ಹಾಕಿಸಿಕೊಂಡವರನ್ನೂ ಕನ್ನಡಿಯ ಮುಂದೆ ನಿಲ್ಲಿಸುವಳು, ಎರಡೂ ಕೈಯಿಂದ ಭುಜದ ಹೊಲಿಗೆ ಹಿಡಿದು ನೆಟ್ಟಗೆ ಎಳೆಯುವಳು, "ಈಗ ಹೋಗಿ" ಎನ್ನುವಳು.

ಗೆಳತಿ ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದಳು. ಇಪ್ಪತ್ತು ವರ್ಷದ ಹಿಂದೆ ಒಂದು ಕೋಟು ಹೊಲಿಸಿಕೊಂಡು, ಕಾಲರಿನ ಒಂದು ತುದಿ ಇನ್ನೊಂದಕ್ಕಿಂತ ಒಂದು ನೂಲು ಉದ್ದ ಇದೆ ಎಂದಿದ್ದಳು. ಕತ್ತರಿ ಟೇಪು ಹಿಡಿದು ನೋಡಿದಳು. ಇತ್ತು. "ಇದೇನು ಕಣ್ಣೋ ಸೂಜಿಯೋ?" ಎಂದಳು. ಆವತ್ತಿನಿಂದ ಅವಳನ್ನು 'ಪುಸ್ತಕ' ಎಂದು ಕರೆಯತೊಡಗಿದಳು, ಅವಳ ಗಂಡನನ್ನು ಭಾವ ಎಂದು. ಭಾನುವಾರ ಮಧ್ಯಾಹ್ನ ಮೂವರೂ ಮಹಡಿಯಲ್ಲಿ ರಮ್ಮಿ ಆಡುವುದು ರೂಢಿಯಾಯಿತು. ಎಕ್ಸ್‌ರೇ ಪ್ಯಾಂಟು ಗಿಡ್ಡ ಮಾಡಿಸಲು ಬಂದವನು ನಾಲ್ಕನೆಯ ಕೈಯಾಗಿ ಉಳಿದುಬಿಟ್ಟ.

ಪೋಕರ್ ಕಲಿಸಿದವನೂ ಅವನೇ. ಪಣ ಇಲ್ಲದೆ ಆಡಿದರೆ ಅದು ಸಪ್ಪೆ. ದುಡ್ಡಿಟ್ಟು ಆಡುವುದು ಮೆಕ್ಯಾನಿಕ್ಕಿಗೆ ಆಗದು. ಒಂದು ಭಾನುವಾರ ಎಲೆ ಕಲೆಸುತ್ತಾ ಎಕ್ಸ್‌ರೇ, "ಹಾಗಾದ್ರೆ ಸೋತವರು ಒಂದೊಂದೇ ಬಟ್ಟೆ ಬಿಚ್ಚಲಿ" ಎಂದ. ನಗಿಸಲು ಅಂದದ್ದು. ಯಾರೂ ನಗಲಿಲ್ಲ, ಬೈಯಲೂ ಇಲ್ಲ. ಅದೇ ಎಲ್ಲರಿಗೂ ಆಶ್ಚರ್ಯ.

"ಬಾಯಿ ತೆಗೆದ್ರೆ ಅಕ್ಕ ಅಂತೀಯ. ಆಡೋ ಮಾತು ನೋಡು," ಎಂದಳು ಕತ್ತರಿ.

"ಅಕ್ಕ ಅನ್ನೋ ಧೈರ್ಯಕ್ಕೇ ಅಂದದ್ದು. ಬೇರೆ ಕಡೆ ಅಂದಿದ್ರೆ ಹಲ್ಲು ಎಣಿಸ್ಕೊಂಡು ಹೋಗ್ಬೇಕಿತ್ತು."

ಅವಳು ಕನ್ನಡಕ ಮೂಗಿನ ತುದಿಗೆ ಇಳಿಸಿ ಮೂವರನ್ನೂ ನೋಡಿದಳು. "ಆಡಬಾರದು ಅಂತೇನಿಲ್ಲ. ನಾವೇನು ಮಕ್ಕಳಲ್ಲ. ಆದ್ರೆ ಅಳತೆ ತಗೊಳ್ಳದೆ ನಾನು ಕತ್ತರಿ ಹಾಕೋಳಲ್ಲ. ಒಂದು ವಾರ ಎಲ್ಲರೂ ಯೋಚನೆ ಮಾಡಿ."

ಮುಂದಿನ ವಾರ ಖಾಕಿ ಕಾಗದ ಗೋಡೆಗೆ ಬಂದಿತ್ತು, ಬಟ್ಟೆಗೆ ಗುರುತು ಹಾಕುವ ಪೆನ್ಸಿಲಿನಲ್ಲಿ ಬರೆದು. ಕುಡಿದು ಬಂದವರಿಗೆ ಆಟ ಇಲ್ಲ. ಫೋನುಗಳು ಕೆಳಗಿನ ಡ್ರಾಯರಿನಲ್ಲಿ, ಬೀಗ ಹಾಕಿ. ಕನ್ನಡಿಗೆ ಮುಸುಕು, ಬಾಗಿಲಿಗೆ ಚಿಲಕ, ಪ್ರತಿ ಕುರ್ಚಿಯ ಮೇಲೆ ಒಂದು ಹೊದಿಕೆ. ಎಲ್ಲಿಯವರೆಗೆ ಎಂದು ಅವರವರೇ ಮೊದಲು ಗೆರೆ ಹೇಳಬೇಕು. ಆ ಗೆರೆ ಮುಟ್ಟಿದವರು ಮುಂದೆ ಸೋತರೆ ಚಹಾ ಮಾಡಬೇಕು, ಅಷ್ಟೆ. 'ಸಾಕು' ಅಂದರೆ ಸಾಕು, ಕಾರಣ ಕೇಳುವಂತಿಲ್ಲ. ಕಳಚುವುದು ತಮ್ಮ ಕೈಯಿಂದಲೇ. ಮೈ ಬಗ್ಗೆ ಮಾತಿಲ್ಲ, ಹೊಗಳಿಕೆಯೂ ಬೇಡ. ಕಳಚಿದ್ದನ್ನು ಗೆದ್ದವರು ಮಡಚಿಡಬೇಕು, ಆಟ ಮುಗಿದಮೇಲೆ 'ತೊಡಿಸಲಾ?' ಎಂದು ಕೇಳಿ, ಹೂಂ ಅಂದರೆ ತೊಡಿಸಬೇಕು. ಇಲ್ಲಿ ಕಂಡದ್ದು ಇಲ್ಲೇ.

ಇಷ್ಟಕ್ಕೂ ಮೊದಲು ಗುಂಡಿ. ಒಬ್ಬೊಬ್ಬರ ಕೈಗೂ ಒಂದು ಬಿಳಿ, ಒಂದು ಕಪ್ಪು ಅಂಗಿಗುಂಡಿ. ಮುಷ್ಟಿಯಲ್ಲಿ ಒಂದನ್ನು ಹಿಡಿದು ತಗಡಿನ ಡಬ್ಬಿಯೊಳಗೆ ಬಿಡಬೇಕು. ನಾಲ್ಕೂ ಬಿಳಿಯಾದರೆ ಆ ಆಟ. ಒಂದು ಕಪ್ಪಾದರೂ ಆವತ್ತು ರಮ್ಮಿ.

ಮೊದಲ ಭಾನುವಾರ ಒಂದು ಕಪ್ಪು ಬಿತ್ತು. "ಯಾರಪ್ಪ ಅದು?" ಎಂದು ಎಕ್ಸ್‌ರೇ ಸುತ್ತ ನೋಡಿದ. ಕತ್ತರಿ ಎದ್ದು ಹೋಗಿ ಪೆನ್ಸಿಲು ತಂದು, ಅವನ ಮುಂದೆಯೇ ಆ ಕೊನೆಯ ಸಾಲು ಬರೆದಳು. ಬರೆಯುವಾಗ ಗೆಳತಿಯ ಕಡೆ ತಿರುಗಿಯೂ ನೋಡಲಿಲ್ಲ. ಹಾಗೆ ನೋಡದೆ ಇದ್ದದ್ದರಿಂದಲೇ ಗೆಳತಿಗೆ ತಿಳಿಯಿತು, ಇವಳಿಗೆ ಗೊತ್ತಾಗಿದೆ ಎಂದು.

ಕಪ್ಪು ಗೆಳತಿಯದು. ಅವಳ ಹೊಟ್ಟೆಯ ಮೇಲೆ ಎರಡು ಆಪರೇಷನ್ನಿನ ಗುರುತು ಒಂದರ ಮೇಲೊಂದು ಅಡ್ಡ ಬಿದ್ದಿತ್ತು. ಗಂಡನ ಮುಂದೆಯೂ ದೀಪ ಆರಿಸಿಯೇ ಬಟ್ಟೆ ಬದಲಿಸುತ್ತಿದ್ದವಳು. ಮೂರು ಭಾನುವಾರ ಕಪ್ಪೇ ಹಾಕಿದಳು. ಮೂರು ಭಾನುವಾರವೂ ಒಬ್ಬರೂ ಮುಖ ಗಂಟು ಹಾಕಲಿಲ್ಲ, ರಮ್ಮಿಯಲ್ಲಿ ಎಂದಿನಂತೆ ಜಗಳವಾಡಿದರು. ನಾಲ್ಕನೆಯ ವಾರ ಕೈ ತಾನಾಗಿ ಬಿಳಿಯನ್ನು ಹಿಡಿಯಿತು.

ಆವತ್ತು ಅವಳು ಸೋಲುತ್ತಲೇ ಹೋದಳು. ಚಪ್ಪಲಿ, ಗಡಿಯಾರ, ಸ್ವೆಟರ್, ಕೊನೆಗೆ ಅಂಗಿ. ಉಸಿರು ಬಿಗಿಹಿಡಿದು ಕುಳಿತಳು. ಯಾರೂ ಕಣ್ಣರಳಿಸಲಿಲ್ಲ, ಕಣ್ಣು ತಪ್ಪಿಸಲೂ ಇಲ್ಲ. ಎಕ್ಸ್‌ರೇ ತನ್ನ ಎಲೆಗಳನ್ನೇ ನೋಡುತ್ತಾ, "ನಿಮ್ಮ ಸರದಿ, ಬೇಗ ಎಲೆ ಬದಲಾಯಿಸಿ, ನನ್ನ ರಾಣಿ ಕಾಯ್ತಾ ಇದಾಳೆ" ಎಂದ. ಮೆಕ್ಯಾನಿಕ್, "ನಿನಗೆ ಕಾಯೋದು ಅವಳೊಬ್ಬಳೇ" ಎಂದ. ಅವಳಿಗೆ ನಗು ಬಂತು. ನಗುವಾಗ ಹೊಟ್ಟೆ ಕುಣಿಯಿತು, ಗುರುತುಗಳೂ ಕುಣಿದವು. ಅವು ಕುಣಿಯುವುದನ್ನು ಅವಳು ಹಗಲು ಬೆಳಕಿನಲ್ಲಿ ನೋಡಿದ್ದು ಅದೇ ಮೊದಲು. ಕೊನೆಗೆ ಕತ್ತರಿ ಅಂಗಿ ಬಿಡಿಸಿ ಹಿಡಿದು, "ತೊಡಿಸಲಾ?" ಎಂದಳು. ಗುಂಡಿಗಳನ್ನೆಲ್ಲ ಹಾಕಿ, ಭುಜದ ಹೊಲಿಗೆ ಎಳೆದು, "ಈಗ ಹೋಗು" ಎಂದಳು.

ಹೀಗೆ ಏಳು ವರ್ಷ. ಮೆಕ್ಯಾನಿಕ್ಕಿನ ಸುಟ್ಟ ತೋಳು, ಎಕ್ಸ್‌ರೇಯ ಗುಳಿಬಿದ್ದ ಎದೆ, ಕತ್ತರಿಯ ಬೆನ್ನ ಮೇಲಿನ ದೊಡ್ಡ ಮಚ್ಚೆ, ಎಲ್ಲವೂ ಗೋಡೆಯ ಗಡಿಯಾರದಷ್ಟು ಮಾಮೂಲಿಯಾದವು. ಬಟ್ಟೆ ಬಿದ್ದದ್ದಕ್ಕಿಂತ ಹೆಚ್ಚಾಗಿ ಚಹಾ ಕುದಿಯಿತು.

ಹೋದ ಚಳಿಗಾಲ ಕಳೆದ ಮೇಲಿನ ಒಂದು ಭಾನುವಾರ ಡಬ್ಬಿಯಲ್ಲಿ ಮತ್ತೆ ಕಪ್ಪು ಬಿತ್ತು. ಮುಂದಿನ ವಾರವೂ ಬಿತ್ತು. ಕತ್ತರಿಯೇ ಡಬ್ಬಿ ಬೋರಲು ಹಾಕಿ, "ರಮ್ಮಿ" ಎಂದು ಎಲೆ ಹಂಚುವಳು. ಐದು ತಿಂಗಳು ಹೀಗೇ. ಗೆಳತಿ ತನ್ನ ಗಂಡನದಿರಬೇಕೆಂದುಕೊಂಡಳು, ಅವನಿಗೆ ಹೊಟ್ಟೆ ಬಂದಿತ್ತು. ಗಂಡ ಅದು ಹೆಂಡತಿಯದು ಎಂದುಕೊಂಡ. ಎಕ್ಸ್‌ರೇ, ಗಂಡಹೆಂಡತಿಗೆ ಏನೋ ಮನಸ್ತಾಪ ಎಂದುಕೊಂಡು ಇನ್ನಷ್ಟು ತಮಾಷೆ ಮಾಡಿದ. ಒಬ್ಬರನ್ನೊಬ್ಬರು ನೋಯಿಸಬಾರದೆಂದು ಮೂವರೂ ಬಾಯಿ ಮುಚ್ಚಿಕೊಂಡಿದ್ದರು. ಮನೆಗೆ ಹೋಗುವ ದಾರಿಯಲ್ಲೂ ಮಾತೆತ್ತಲಿಲ್ಲ. ನಿಯಮ ಅಂದರೆ ನಿಯಮ.

ಆದರೆ ಗೆಳತಿ ಒಂದನ್ನು ಕಂಡಿದ್ದಳು. ಕತ್ತರಿ ತೊಟ್ಟ ಅಂಗಿಯ ಭುಜದ ಹೊಲಿಗೆ ತೋಳಿನ ಕಡೆಗೆ ಜಾರಿತ್ತು. ಎರಡು ಬೆರಳು ಅಗಲ. ಒಂದು ತಿಂಗಳಿಗೆ ಮೂರು ಬೆರಳು. ಊರಿಗೆಲ್ಲ ಅಳತೆ ಸರಿಮಾಡುವವಳು ತನ್ನ ಅಂಗಿ ಬಿಗಿ ಮಾಡಿಕೊಂಡಿರಲಿಲ್ಲ. ಅದು ತಪ್ಪು ಹುಡುಕಿಯೇ ಹೊಟ್ಟೆ ಹೊರೆಯುವ ಕಣ್ಣಿಗೆ ಬಿದ್ದಿತ್ತು. ಕರಡಿನ ಅಂಚಿನಲ್ಲಿ ಗುರುತು ಹಾಕದೆ ಪುಟ ತಿರುವಿದಂತೆ ಬಿಟ್ಟುಬಿಟ್ಟಳು. ಕೇಳಿದರೆ ಕಪ್ಪು ಯಾರದು ಎಂದು ಕೇಳಿದಂತೆಯೇ ಆಗುತ್ತಿತ್ತು.

ಒಂದು ಮಂಗಳವಾರ ಕತ್ತರಿ ಮೇಜಿನ ಪಕ್ಕದಲ್ಲೇ ಕುಸಿದಳು. ಪಕ್ಕದ ಅಂಗಡಿಯವರು ಆಸ್ಪತ್ರೆಗೆ ಸೇರಿಸಿದರು. ಚೀಟಿ ಹಿಡಿದು ಅವಳು ಎಕ್ಸ್‌ರೇ ಕೋಣೆಗೆ ಬಂದದ್ದು ತಳ್ಳುಗುರ್ಚಿಯಲ್ಲಿ.

"ಅಕ್ಕ," ಎಂದ ಅವನು. ದಿನಕ್ಕೆ ಅರವತ್ತು ಜನಕ್ಕೆ ಹೇಳುವ ಮುಂದಿನ ಮಾತು ಬಾಯಿಂದ ಹೊರಡಲಿಲ್ಲ.

"ಅಂಗಿ ತೆಗೀಬೇಕು, ತಾನೆ? ಇವತ್ತು ಗುಂಡಿ ಹಾಕದೇನೇ?" ಎಂದಳು ಅವಳು.

ಎಡಗಡೆ ಎದೆಯ ಕೆಳಗೆ, ಒಡೆದ ಗಂಟೊಂದರ ಮೇಲೆ, ಅವಳೇ ಮಡಚಿ ಕಟ್ಟಿಕೊಂಡ ಹತ್ತಿಬಟ್ಟೆ ಇತ್ತು, ಅಂಚು ಹೊಲಿದು ನೀಟಾಗಿ. ಉಸಿರು ಎಳ್ಕೊಳಿ, ಹಿಡ್ಕೊಳಿ ಎಂದ. ಅವಳು ಹಿಡಿದಳು. ಫೋಟೋ ಬಂದಾಗ ಅವನಿಗೆ ಡಾಕ್ಟರನ್ನು ಕೇಳುವ ಅಗತ್ಯ ಬೀಳಲಿಲ್ಲ. ಮೂರು ತಿಂಗಳು ಮೊದಲೇ ಬಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದು ಡಾಕ್ಟರು ಆಮೇಲೆ ಹೇಳಿದರು. ಆ ಮಾತನ್ನು ಅವನು ಗೆಳತಿಗೆ ಹಾಗೆಯೇ ತಂದು ಒಪ್ಪಿಸಿದ. ಒಬ್ಬನೇ ಹೊರಲು ಅವನಿಂದ ಆಗಲಿಲ್ಲ.

ವಾರ್ಡಿನಲ್ಲಿ ಎರಡು ತಿಂಗಳು. ಗೆಳತಿ ಕರಡು ಕಟ್ಟು ತಂದು ಮಂಚದ ಪಕ್ಕ ಕುಳಿತೇ ತಿದ್ದುತ್ತಿದ್ದಳು. ಒಂದು ದಿನ ಪೆನ್ನು ಕೆಳಗಿಟ್ಟು ಕೇಳಿದಳು.

"ಯಾಕೆ ಹೇಳಲಿಲ್ಲ?"

"ನೀನು ಯಾಕೆ ಕೇಳಲಿಲ್ಲ?"

"ಭುಜ ಜಾರಿದ್ದು ನೋಡಿದ್ದೆ."

"ನೀನು ನೋಡ್ತಿದ್ದೀಯ ಅಂತ ನಾನೂ ನೋಡಿದ್ದೆ." ಕತ್ತರಿ ಚಾವಣಿ ನೋಡುತ್ತಾ ಮಲಗಿದ್ದಳು. "ಮೊದಲು ಭಯ. ಆಮೇಲೆ, ಭಾನುವಾರ ಒಂದಾದ್ರೂ ಹಾಗೇ ಇರಲಿ ಅಂತ. ನೀವು ಕೇಳಿದ್ದಿದ್ರೆ ಬಹುಶಃ ಬಾಗಿಲು ಹಾಕ್ಕೊಂಡು ಕೂತಿರ್ತಿದ್ದೆ."

"ಬಹುಶಃ," ಎಂದಳು ಗೆಳತಿ.

"ಬಹುಶಃ ಹೇಳ್ತಿದ್ದೆನೋ ಏನೋ. ನಂಗೂ ಗೊತ್ತಿಲ್ಲ ಪುಸ್ತಕ. ಸುಳ್ಳು ಹೇಳಿ ನಿನ್ನ ಸಮಾಧಾನ ಮಾಡೋಕೆ ನಂಗೆ ಬರಲ್ಲ."

ಗೆಳತಿ ತಲೆ ಬಗ್ಗಿಸಿದಳು. "ಆ ಸಾಲು ನನಗೋಸ್ಕರ ಬರೆದದ್ದು ನೀನು."

"ಹೌದು. ಆಗ ಅದು ಬೇಕಿತ್ತು. ಈಗಲೂ ಅಳಿಸ್ಬೇಡ." ಆಮೇಲೆ ಕತ್ತರಿ ನಿದ್ದೆ ಹೋದಳು, ಅಥವಾ ಹೋದಂತೆ ಕಣ್ಣು ಮುಚ್ಚಿದಳು.

ಆ ಗುರುವಾರದ ಹಿಂದಿನ ದಿನ, ಬುಧವಾರ ಮಧ್ಯಾಹ್ನ, ಅವಳು ಡಬ್ಬಿ ತರಿಸಿದಳು. ಮಂಚದ ಸುತ್ತ ಪರದೆ ಎಳೆದರು. ಮೂರು ಮುಷ್ಟಿ ಡಬ್ಬಿಯೊಳಗೆ ಹೋದವು. ಕತ್ತರಿಯ ಬೆರಳಿಂದ ಗುಂಡಿ ಜಾರಿ ಹೊದಿಕೆಯ ಮೇಲೆ ಬಿತ್ತು. ಎಕ್ಸ್‌ರೇ ಮುಖ ಆಚೆ ತಿರುಗಿಸಿಕೊಂಡು, ಬಣ್ಣ ನೋಡದೆ ಅದನ್ನು ತಡಕಿ ಒಳಗೆ ಹಾಕಿದ. ಬೋರಲು ಹಾಕಿದರೆ ನಾಲ್ಕೂ ಬಿಳಿ.

"ಎಲ್ಲರ ಗೆರೆಯೂ ಸ್ವೆಟರಿನವರೆಗೆ," ಎಂದಳು ಕತ್ತರಿ. "ನರ್ಸಮ್ಮ ಬಂದ್ರೆ ನಾನು ನಿಮ್ಮನ್ಯಾರನ್ನೂ ಕಂಡಿಲ್ಲ."

"ಜೇಬಿಂದ ಎಲೆ ತೆಗೆದ್ರೆ ನಾನೇ ನರ್ಸಮ್ಮನ್ನ ಕರೀತೀನಿ, ಭಾವ ಅನ್ನೋದೂ ನೋಡಲ್ಲ," ಎಂದು ಎಕ್ಸ್‌ರೇ ಮೆಕ್ಯಾನಿಕ್ಕಿನ ಕಾಲೆಳೆದ.

ಒಂದೇ ಆಟ ಆಡಿದರು. ಕತ್ತರಿಗೆ ಮೂರು ಗುಲಾಮ. ಗೆಳತಿಯ ಕೈಯಲ್ಲಿ ಒಂದು ಜೋಡಿಯೂ ಇರಲಿಲ್ಲ. ಅವಳು ಸ್ವೆಟರ್ ಕಳಚಿ ಕೊಟ್ಟಳು. ಕತ್ತರಿ ಅದನ್ನು ತೊಡೆಯ ಮೇಲೆ ಹರಡಿ, ತೋಳಿಗೆ ತೋಳು ಕೂಡಿಸಿ, ಬಹಳ ಹೊತ್ತು ತೆಗೆದುಕೊಂಡು ಮಡಚಿದಳು. ಮೂರನೆಯ ಗುಂಡಿ ಜೋತಾಡುತ್ತಿತ್ತು. ಸೂಜಿ ಇಲ್ಲ. ಬಿಟ್ಟಿದ್ದ ದಾರದ ತುದಿಯನ್ನೇ ಗುಂಡಿಯ ಬುಡಕ್ಕೆ ಸುತ್ತಿ ಸುತ್ತಿ ಗಂಟು ಹಾಕಿದಳು.

"ತೊಡಿಸಲಾ?"

"ಹೂಂ."

ಗೆಳತಿ ಮಂಚದ ಮೇಲೆ ಬಗ್ಗಿ ಕುಳಿತಳು. ಕತ್ತರಿ ಒಂದೊಂದೇ ಗುಂಡಿ ಹಾಕಿದಳು, ನಡುನಡುವೆ ನಿಲ್ಲಿಸಿ ಉಸಿರು ತೆಗೆದುಕೊಂಡು, ಕತ್ತಿನವರೆಗೆ. ಆಮೇಲೆ ಎರಡೂ ಕೈ ಎತ್ತಿ ಭುಜದ ಹೊಲಿಗೆ ಹಿಡಿದು ನೆಟ್ಟಗೆ ಎಳೆದಳು.