ಮೂರು ಮೂಲೆಯ ಕಾರ್ಡು

ಆಗ ನನಗೆ ಅರವತ್ತೆಂಟು. ಎರಡು ವರ್ಷದ ಹಿಂದಿನ ಮಾತು.

ಇವತ್ತು ಬೆಳಿಗ್ಗೆ ಮರಿಮೊಮ್ಮಗಳು ಶಾಯಿಪ್ಯಾಡಿನ ಡಬ್ಬಿ ತೆರೆದು ಎರಡೂ ಅಂಗೈ ಅದ್ದಿ, ನಾನು ಒಗೆದು ಮಡಚಿಟ್ಟ ಸೀರೆಯ ಮೇಲೆ ಒತ್ತಿಬಿಟ್ಟಳು. ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಶಾಯಿಯ ವಾಸನೆ ಮೂಗಿಗೆ ಬಡಿಯಿತು, ಬೈಗುಳದ ಬದಲು ನಗು ಬಂತು. ಈ ಶಾಯಿಯ ದೆಸೆಯಿಂದ ನಾನು ಒಮ್ಮೆ ಸತ್ತಿದ್ದೆ. ಗಾಬರಿಯಾಗಬೇಡಿ, ಕೂತುಕೊಳ್ಳಿ, ಹೇಳುತ್ತೇನೆ.

ನಾನು ಭಾಲ್ಕಿ ಕಡೆಯವಳು. ಯಜಮಾನರಿಗೆ ಇಲ್ಲಿ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದು ಬಂದವಳು ಇಲ್ಲೇ ಉಳಿದೆ. ಬಂದಾಗ ಊರು ಔರಂಗಾಬಾದ್, ಈಗ ಛತ್ರಪತಿ ಸಂಭಾಜಿನಗರ. ಬಸ್ಸಿನ ಫಲಕ ಬದಲಾಯಿತು, ನಳದ ನೀರಿಗೆ ಕಾಯುವುದು ಬದಲಾಗಲಿಲ್ಲ. ನನ್ನ ಓದು ಎರಡನೇ ಇಯತ್ತೆ. ಒತ್ತಕ್ಷರ ಕಂಡರೆ ಈಗಲೂ ಅದನ್ನು ಬಿಟ್ಟು ಮುಂದೆ ಹೋಗುತ್ತೇನೆ. ಓದುವವರು ತಾವೇ ಸೇರಿಸಿಕೊಳ್ಳಲಿ.

ಮೊಮ್ಮಗಳು ಸ್ನೇಹಾಳನ್ನು ಸಿಲ್ಲೋಡಿಗೆ ಕೊಟ್ಟಿದ್ದೆವು. ಹತ್ತಿ ವ್ಯಾಪಾರದ ಮನೆ, ಒಳ್ಳೆಯ ಜನ. ಮೊದಲ ಬಸಿರಿನಲ್ಲಿ ಡಾಕ್ಟರು ಓಡಾಡಬೇಡ ಅಂದದ್ದಕ್ಕೆ ತವರಿಗೆ ಬಂದಳು. ಮಲಗಿ ಮಲಗಿ ಬೇಸರವಾಗಿ ಫೋನಿನಲ್ಲಿ ಒಂದು ಪೆಟ್ಟಿಗೆ ತರಿಸಿಕೊಂಡಳು. ಬಿಚ್ಚಿದರೆ ರಬ್ಬರಿನ ಶಿಕ್ಕಾಗಳು, ಶಾಯಿ ಹಚ್ಚಿ ಒತ್ತುವ ಮುದ್ರೆಗಳು. ನವಿಲು, ಗಿಳಿ, ಆನೆ, ಬಳ್ಳಿ, ಒಂದು ಕೊಡೆ. ಬಣ್ಣಬಣ್ಣದ ಶಾಯಿ. ಮತ್ತೆ ಹಾಳೆಗಳು, ಒಂದೊಂದಕ್ಕೆ ಒಂದೊಂದು ನಕ್ಷೆ. ಕೆಲವು ಸೀರೆಯ ಸೆರಗಿನ ಹಾಗೆ, ಕೆಲವು ಹಳೆಯ ಮನೆಯ ನೆಲದ ಫರಸಿಯ ಹಾಗೆ.

"ಇದರಾಗೇನು ಮಾಡ್ತಿ?" ಅಂದೆ.

"ಗ್ರೀಟಿಂಗ್ ಕಾರ್ಡ್, ಆಜಿ."

ಚಂದದ ಹಾಳೆಯನ್ನು ಕತ್ತರಿಸಿ, ಇನ್ನೊಂದು ಹಾಳೆಗೆ ಅಂಟಿಸಿ, ಅದರ ಮೇಲೆ ಆನೆ ಒತ್ತಿ, ಯಾರಿಗೋ ಕಳಿಸುವುದು. ಕೆಲಸವಿಲ್ಲದವರ ಕೆಲಸ ಅಂದುಕೊಂಡೆ. ನಾನು ಕಂಡ ಶಿಕ್ಕಾ ಎಂದರೆ ರೇಶನ್ ಕಚೇರಿಯದು, ಆಸ್ಪತ್ರೆಯದು. ಸಾಹೇಬ ಅದನ್ನು ಕೈಗೆತ್ತಿಕೊಳ್ಳುವವರೆಗೆ ನಿಂತು ಕಾಲು ಬಾತುಕೊಳ್ಳುತ್ತಿತ್ತು. ನವಿಲಿನ ಶಿಕ್ಕಾ ಇರುತ್ತದೆಂದು ನನಗೆ ಯಾರು ಹೇಳಿದ್ದರು?

ಒಂದು ಮಧ್ಯಾಹ್ನ ಅವಳಿಗೆ ನಿದ್ದೆ ಹತ್ತಿದಾಗ ನವಿಲನ್ನು ಎತ್ತಿಕೊಂಡೆ. ಶಾಯಿಗೆ ಒತ್ತಿ, ಸಾಹೇಬ ಗುದ್ದುವ ಹಾಗೆಯೇ ಹಾಳೆಯ ಮೇಲೆ ಗುದ್ದಿದೆ. ಮೇಜು ನಡುಗಿತು, ಹುಡುಗಿ ಎದ್ದು ಕೂತಳು. ಹಾಳೆಯ ಮೇಲೆ ನವಿಲಿಗೆ ಎರಡು ತಲೆ.

"ಆಜಿ, ಹೊಡೀಬ್ಯಾಡ! ನುಸ್ತಾ ಠೇವ್. ಸುಮ್ನ ಇಡು, ಸುಮ್ನ ತೆಗಿ."

ಇಡುವುದು ಸುಲಭ, ತೆಗೆಯುವುದೇ ಕಷ್ಟ. ಕೈ ಒಂದಿಷ್ಟು ಜಾರಿದರೂ ಬಾಲ ಹರಡಿ ಕೆಸರಾಗುತ್ತದೆ. ಬಡಿದ ಜೋಳದ ರೊಟ್ಟಿಯನ್ನು ಕಲ್ಲಿನಿಂದ ಎತ್ತುವಾಗ ಎಳೆಯಬಾರದು, ನೇರ ಎತ್ತಬೇಕು. ಅದೇ ಲೆಕ್ಕ ಇದಕ್ಕೂ ಅಂತ ಹೊಳೆದ ಮೇಲೆ ನನ್ನ ನವಿಲು ಗರಿಗರಿ ಎದ್ದು ನಿಂತಿತು. ನಿಜ ಹೇಳುತ್ತೇನೆ, ಅಷ್ಟು ಖುಷಿ ನನಗೆ ಮದುವೆಯಲ್ಲೂ ಆಗಿರಲಿಲ್ಲ. ಮದುವೆಯಲ್ಲಿ ಹೊಟ್ಟೆ ಹಸಿದಿತ್ತು.

ಆಮೇಲೆ ನನ್ನನ್ನು ಹಿಡಿಯುವವರಿಲ್ಲ. ಹಸಿರು ಹಾಳೆಯ ಮೇಲೆ ಕೆಂಪು, ಕೆಂಪಿನ ಮೇಲೆ ಹಳದಿ. "ಆಜಿ, ಮ್ಯಾಚಿಂಗ್ ನಾಹೀ," ಅಂತ ಸ್ನೇಹಾ ಗೊಣಗುವಳು. ಇಳಕಲ್ ಸೀರೆ ಯಾರನ್ನು ಮ್ಯಾಚಿಂಗ್ ಕೇಳಿ ನೇಯ್ದದ್ದು? ಒಂದು ಬಂಗಾರದ ಪುಡಿ ಇತ್ತು. ಹಸಿ ಶಾಯಿಯ ಮೇಲೆ ಉದುರಿಸಿ ಬಿಸಿ ತಾಗಿಸಿದರೆ ಕರಗಿ ಉಬ್ಬಿ ನಿಲ್ಲುತ್ತದೆ. ಅದಕ್ಕೆ ಬೇರೆ ಯಂತ್ರ ಬೇಕು, ತರಿಸಬೇಕು ಅಂದಳು. ನಾನು ಕಾದ ಹೆಂಚಿನ ಮೇಲೆ ಹಿಡಿದೆ. ಉಬ್ಬಿತು. ಎರಡು ಕಾರ್ಡು ಸುಟ್ಟವು, ಇರಲಿ. ರೊಟ್ಟಿಯೂ ಸುಡುತ್ತದೆ. ಕೆಳಗಿನ ಮನೆಯಲ್ಲಿ ಪ್ರೇಮಾ ಎಂಬ ಉಡುಪಿಯ ಹೆಂಗಸು ಇದ್ದಾಳೆ, ಅವಳ ಗಂಡ ಖಾನಾವಳಿ ನಡೆಸುತ್ತಾನೆ. ಅವಳಿಗೊಂದು ಆನೆಯ ಕಾರ್ಡು ಕೊಟ್ಟೆ. ಅದನ್ನವಳು ಫ್ರಿಜ್ಜಿಗೆ ಅಂಟಿಸಿ, ಬಂದವರಿಗೆಲ್ಲ ತೋರಿಸಿ ನನ್ನನ್ನು ಉಬ್ಬಿಸಿಬಿಟ್ಟಳು.

ಈಗ ಅಕ್ಕನ ಮಾತಿಗೆ ಬರಬೇಕು. ಬರದೆ ಉಪಾಯವಿಲ್ಲ.

ನನ್ನ ಅಕ್ಕ ಶಾಂತಾ ನಾಸಿಕದಲ್ಲಿ ಮಗನ ಮನೆಯಲ್ಲಿರುತ್ತಾಳೆ. ಹೆಸರಿಗೆ ಶಾಂತಾ. ಅವಳ ಮೊಮ್ಮಗನ ಮದುವೆಗೆ, ಈ ಕಾರ್ಡಿನ ಕಾಲಕ್ಕೂ ಮೂರು ವರ್ಷ ಮೊದಲು, ಮಗನಿಂದ ನಂಬರು ಹಚ್ಚಿಸಿ ನನಗೆ ಫೋನಿನಲ್ಲಿ ಕರೆದಳು. ನಮ್ಮಲ್ಲಿ ಹಾಗಿಲ್ಲ. ಮನೆಯವರು ಹೊಸ್ತಿಲಿಗೆ ಬಂದು, ಹಣೆಗೆ ಕುಂಕುಮ ಹಚ್ಚಿ, ಬರ್ರಿ ಅಂದರೆ ಅದು ಕರೆ. ಉಳಿದದ್ದೆಲ್ಲ ಸುದ್ದಿ.

"ಫೋನಿನ್ಯಾಗ ಕುಂಕುಮ ಹ್ಯಾಂಗ ಹಚ್ಚತಿ?" ಅಂತ ಕೇಳಿದೆ.

"ಮೊಣಕಾಲ ನೋವದ. ತಿಳಕೊ," ಅಂದಳು.

ತಿಳಿದುಕೊಳ್ಳಲಿಲ್ಲ. ಮದುವೆಗೆ ಹೋಗಲಿಲ್ಲ. ಅಲ್ಲಿಂದ ಅವಳೂ ಮಾತಿಲ್ಲ, ನಾನೂ ಮಾತಿಲ್ಲ.

ಈಗ ಸ್ನೇಹಾಳ ಕುಬಸ ಬಂತು. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬುವ ದಿನ. ನಮ್ಮ ಮನೆಯಲ್ಲಿ ಮೊದಲ ಬಳೆ ತೊಡಿಸುವುದು ಹಿರಿಯಳೇ. ನನಗೆ ನಮ್ಮವ್ವನ ಅಕ್ಕ ತೊಡಿಸಿದ್ದಳು. ಸ್ನೇಹಾಳ ತಾಯಿಗೆ, ಅಂದರೆ ನನ್ನ ಸೊಸೆ ಸುರೇಖಾಳಿಗೆ, ಶಾಂತಕ್ಕ ತೊಡಿಸಿದ್ದಳು. ಈ ಹುಡುಗಿಯೂ ಹಟ ಹಿಡಿದಳು. "ದೊಡ್ಡಾಜಿನೇ ಪಾಹಿಜೇ. ಅವರು ಬರಲಿಲ್ಲಂದ್ರ ನನಗ ಬಳಿನೇ ಬ್ಯಾಡ."

ಹೋಗಿ ಕರೆದರೆ ನಾನು ಸೋತ ಹಾಗೆ. ಫೋನು ಮಾಡಿದರೆ ಅವಳು ಮಾಡಿದ್ದು ಸರಿ ಅಂದ ಹಾಗೆ. ಎರಡರ ನಡುವೆ ಒಂದು ದಾರಿ ನನ್ನ ಮುಂದೆಯೇ ಬಿದ್ದಿತ್ತು, ಕಾರ್ಡು.

ಎಲ್ಲಕ್ಕಿಂತ ಚಂದದ ಹಾಳೆ ತೆಗೆದೆ, ಮಾವಿನಕಾಯಿ ನಕ್ಷೆಯದು. ಮೇಲೆ ಜೋಡಿ ಗಿಳಿ. ಒಳಗೆ ನನ್ನ ಕೈಯಿಂದಲೇ ಬರೆದೆ: "ಅಕಾ, ಸನೇಹಾನ ಕುಬಸ. ಬಾ." ಒತ್ತು ಬಿಟ್ಟೆ. ಶುಭದ ಕಾಗದವೆಂದು ನಾಲ್ಕೂ ಮೂಲೆಗೆ ಅರಿಸಿನ ಕುಂಕುಮ ಕಲಸಿ ಹಚ್ಚಿದೆ. ಕೊರಿಯರಿಗೆ ಹಾಕು ಅಂತ ಸ್ನೇಹಾಳ ಕೈಗೆ ಕೊಟ್ಟೆ.

ಆಮೇಲೆ ನಡೆದದ್ದು ನನಗೆ ಗೊತ್ತಿರಲಿಲ್ಲ. ಒಂದು ಮೂಲೆಯಲ್ಲಿ ಕುಂಕುಮ ನೀರಾಗಿ ಹರಡಿತ್ತಂತೆ. ಹುಡುಗಿಗೆ ಒಪ್ಪ ಓರಣದ ರೋಗ. ಮೂಲೆ ಕತ್ತರಿಸಲೆಂದೇ ಅವಳ ಪೆಟ್ಟಿಗೆಯಲ್ಲಿ ಒಂದು ಸಾಧನ ಇತ್ತು. ಕಚ್ ಅನ್ನಿಸಿ, ಆ ಮೂಲೆ ತೆಗೆದು, ಲಕೋಟೆಗೆ ಹಾಕಿ ಕಳಿಸಿದಳು.

ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ ಇಷ್ಟರಲ್ಲಿ ಎದೆ ಮುಟ್ಟಿಕೊಂಡಿರುತ್ತಾರೆ. ಮೂಲೆ ಹರಿದ ಕಾಗದ ಸಾವಿನ ಕಾಗದ. ಅಂಚೆಯವನು ಅದನ್ನು ಕೊಟ್ಟರೆ ಒಳಗೆ ತರುತ್ತಿರಲಿಲ್ಲ. ಹೊಸ್ತಿಲಾಚೆ ಓದಿಸಿ, ಅಲ್ಲೇ ಹರಿದು, ತಲೆಯ ಮೇಲೆ ನೀರು ಸುರಿದುಕೊಂಡು ಒಳಗೆ ಬರುತ್ತಿದ್ದರು. ಅಕ್ಕ ಸಾಲೆಯ ಮೆಟ್ಟಿಲು ಹತ್ತಿದವಳಲ್ಲ. ಮಗ, ಸೊಸೆ ಮರಾಠಿ ಸಾಲೆ ಕಲಿತವರು, ಕನ್ನಡ ಓದಲು ಬಾರದು, ಮೇಲಾಗಿ ಆ ಹೊತ್ತಿಗೆ ಕೆಲಸಕ್ಕೆ ಹೋಗಿದ್ದರು. ಕೊರಿಯರಿನ ಹುಡುಗ ಲಕೋಟೆಯ ಮೇಲಿನ ವಿಳಾಸ ಓದಿ ಸಂಭಾಜಿನಗರದಿಂದ ಬಂದಿದೆ ಅಂದ. ಅಕ್ಕ ಬಿಚ್ಚಿದಳು. ಒಂದು ಮೂಲೆ ಇಲ್ಲ, ಉಳಿದ ಮೂರರಲ್ಲಿ ಕುಂಕುಮ; ಅಂದರೆ ಹೋದವಳು ಮುತ್ತೈದೆ. ಅವಳು ಯಾರಿಗೂ ಫೋನು ಹಚ್ಚಿಸಲಿಲ್ಲ. ಪಕ್ಕದ ಮನೆಗೆ ಒಂದು ಮಾತು ಹೇಳಿ, ಬೀಗ ಹಾಕಿ, ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿದಳು.

ಅವತ್ತು ಸೋಮವಾರ, ಯಜಮಾನರು ವೇರೂಳಿನ ಗುಡಿಗೆ ಹೋಗಿದ್ದರು. ನಾನು, ಸ್ನೇಹಾ ಊಟ ಮುಗಿಸಿ ಕೆಂಪು ಶಾಯಿಯಲ್ಲಿ ಬಳ್ಳಿ ಒತ್ತುತ್ತ ಕೂತಿದ್ದೆವು. ಮೆಟ್ಟಿಲ ಮೇಲೆ ಯಾರೋ ಹಾಡಿಕೊಂಡು ಅಳುವುದು ಕೇಳಿಸಿತು. ನಮ್ಮ ಕಡೆಯ ಅಳು, ರಾಗ ಎಳೆದು, ಸತ್ತವರ ಗುಣ ಒಂದೊಂದೇ ಎತ್ತಿ ಅಳುವ ಅಳು. ಈ ಊರಲ್ಲಿ ಯಾರಪ್ಪಾ ಅಂದುಕೊಂಡೆ.

"ಯವ್ವಾ ನನ್ನ ತಂಗೀ... ಬಾವ್ಯಾಗ ನನ್ನ ಸಂಗಾಟ ಈಸು ಕಲ್ತಾಕೀ... ಮುತ್ತೈದಿಯಾಗಿ ಹೋದೆಲ್ಲೇ..."

ಅಕ್ಕನ ದನಿ. ಸತ್ತವಳು ನಾನು!

ಸ್ನೇಹಾ ಏಳಲು ಹೋದಳು. ಕೈ ಹಿಡಿದು ಕೂರಿಸಿದೆ. "ತಡಿ. ನನ್ನ ಎಣ್ಣಿಗಾಯಿ ಮಾತು ಇನ್ನಾ ಬಂದಿಲ್ಲ."

ಬಂತು. "ನಿನ್ನ ಕೈಯಾಗಿನ ಎಣ್ಣಿಗಾಯಿ ಇನ್ನ ಯಾರು ಉಣಸ್ತಾರ... ಬಾಯಿ ಕಾರ, ಹೊಟ್ಟಿ ಬೆಲ್ಲ, ನನ್ನವ್ವಾ... ಮೂಗಿನ ತುದೀಗಿ ಸಿಟ್ಟ ಇಟ್ಟಾಕೀ..." ಈ ಮಾತು ಬೇಕಿರಲಿಲ್ಲ. "ಫೋನಿನ್ಯಾಗ ಕರದೆ ಅಂತ ಇಷ್ಟ ದೊಡ್ಡ ಶಿಕ್ಷಾ ಕೊಟ್ಟೇನ... ಒಂದ ಸಲ ಬಂದು ಕುಂಕುಮ ಹಚ್ಚಿದ್ರ ನನ್ನ ಮೊಣಕಾಲೇನು ಮುರೀತಿದ್ವೇನ..."

ಅಲ್ಲಿಗೆ ಎದ್ದೆ. ಬಾಗಿಲು ತೆಗೆದೆ. ಅಕ್ಕ ಮೆಟ್ಟಿಲ ಮೇಲೆ ಕೂತಿದ್ದಳು. ನನ್ನ ಮುಖ ನೋಡಿದಳು, ಕೈ ನೋಡಿದಳು.

"ಕೈಯಾಗ ರಗತ!"

"ಶಾಯಿ ಅದ, ಅಕ್ಕಾ."

"ಸತ್ತಿಲ್ಲೇನು?"

"ಇಲ್ಲ. ಚಹಾ ಕುಡೀತಿಯೇನು?"

ಬೆನ್ನ ಮೇಲೆ ಒಂದು ಗುದ್ದು ಬಿತ್ತು, ರೇಶನ್ ಸಾಹೇಬನ ಶಿಕ್ಕಾದಂಥದ್ದು. "ಸಾಯೂದಿದ್ರ ಖರೇ ಸಾಯಿ, ಇಲ್ಲಾಂದ್ರ ಸುಮ್ನಿರು! ಬಸ್ಸಿನ್ಯಾಗ ಮಂದಿ ನನಗ ನೀರು ಕುಡಿಸ್ಯಾರ. ಇಷ್ಟ ಅತ್ತೀನಿ, ಈಗೇನು ಮಾಡ್ಲಿ ಅದನ್ನ?"

"ಇಟ್ಕೊ. ಮುಂದ ಬೇಕಾಗ್ತದ."

ಅಳು ಕೇಳಿ ಪ್ರೇಮಾ ಏದುಸಿರು ಬಿಡುತ್ತ ಹತ್ತಿ ಬಂದಿದ್ದಳು. "ಎಂಥದ್ದಜ್ಜಿ ಇದು! ಬೆಳಿಗ್ಗೆ ಕೊತ್ತಂಬರಿ ಸೊಪ್ಪಿಗೆ ಅಷ್ಟು ಜಗಳ ಮಾಡಿದವರು ಇಷ್ಟು ಬೇಗ ಹೋದ್ರಾ ಅಂತ ನನಗೆ ನಂಬ್ಲಿಕ್ಕೇ ಆಗ್ಲಿಲ್ಲ ಮಾರಾಯ್ರೆ."

ಅಕ್ಕ ಸೆರಗಿನ ಗಂಟಿನಿಂದ ಕಾರ್ಡು ತೆಗೆದು ನನ್ನ ಮುಖಕ್ಕೆ ಹಿಡಿದಳು. ನಾನು ಸ್ನೇಹಾಳ ಮುಖ ನೋಡಿದೆ. ಅವಳು ನಾಲಗೆ ಕಚ್ಚಿಕೊಂಡಳು. "ಕುಂಕು ಪಸರ್ಲಂ ಹೋತಂ, ಆಜಿ... ಅದಕ್ಕ ಕಟ್ ಮಾಡ್ದೆ. ಚಂದ ಕಾಣ್ಲಿ ಅಂತ."

ಅಕ್ಕ ಸ್ನಾನ ಮಾಡದೆ ಒಳಗೆ ಬರಲೊಲ್ಲಳು. "ಯಾರೂ ಸತ್ತಿಲ್ಲಲ್ಲ," ಅಂದರೆ, "ನಾ ಅತ್ತೀನಲ್ಲ," ಅಂದಳು. ಬಾತ್‌ರೂಮಿಗೆ ನೇರ ದಾಟಿಸಿ, ನನ್ನ ಸೀರೆ ಕೊಟ್ಟೆ. ಪ್ರೇಮಾ ನಾಸಿಕಕ್ಕೆ ಫೋನು ಹಚ್ಚಿ ಅಕ್ಕನ ಮಗನಿಗೆ ಸುದ್ದಿ ಮುಟ್ಟಿಸಿದಳು. ಸಂಜೆ ಯಜಮಾನರು ಪ್ರಸಾದ ಹಿಡಿದು ಬಂದರು. "ಏನು ಗದ್ದಲ?" ಅಂದರು. "ನಾ ಸತ್ತಿದ್ದೆರೀ," ಅಂದೆ. "ಹೌದಾ, ಅಡಗಿ ಆಗ್ಯದೇನು?" ಅಂದರು.

ಎಣ್ಣೆಗಾಯಿ ಮಾಡಿದೆ. ಉಂಡು ಅಕ್ಕ ಮೇಜಿನ ಬಳಿ ಬಂದಳು. ಸ್ನೇಹಾ ಅವಳ ಕೈಗೆ ಆನೆಯ ಶಿಕ್ಕಾ ಕೊಟ್ಟಳು. ತಲೆಕೆಳಗಾಗಿ ಒತ್ತಿದಳು.

"ಕಾಲು ಮ್ಯಾಲಾಗ್ಯಾವ, ಅಕ್ಕಾ."

"ಬಸ್ಸಿನ್ಯಾಗ ಬಂದು ದಣದದ. ಮಲಗಲಿ ಬಿಡು."

ಹಾಳೆ ತುಂಬ ಮಲಗಿದ ಆನೆಗಳು. ಸುರೇಖಾ ಕೆಲಸ ಮುಗಿಸಿ ಬಂದು ನೋಡಿದರೆ ಮೂವರ ಮೂಗಿನ ಮೇಲೂ ಶಾಯಿ. ಅಷ್ಟು ನಕ್ಕದ್ದು ಬಾವಿಯಲ್ಲಿ ಈಜು ಕಲಿತ ದಿನಗಳ ಮೇಲೆ ಅದೇ ಮೊದಲು. ಎಲ್ಲ ಸರಿಹೋಯಿತು ಅಂದುಕೊಂಡೆ.

"ದೊಡ್ಡಾಜಿ, ಗುರುವಾರ ಕುಬಸ. ಇಲ್ಲೇ ಇರ್ತೀರಲ್ಲ?" ಅಂದಳು ಸ್ನೇಹಾ.

ಅಕ್ಕ ಶಿಕ್ಕಾ ಕೆಳಗಿಟ್ಟಳು. "ನನಗ ಯಾರೂ ಕರದಿಲ್ಲವ್ವ."

"ಕಾರ್ಡು?" ಅಂದೆ.

"ಅದು ಸಾವಿನ ಕಾಗದ. ಸಾವಿಗಿ ಕರೀದೇ ಬರ್ತಾರ, ಬಂದೀನಿ. ಕುಬಸಕ್ಕ ಕರೀಲಾರ್ದ ನಿಲ್ಲೂದಿಲ್ಲ. ನಾಳಿ ಮುಂಜಾನಿ ಬಸ್ಸಿಗಿ ಹೋಗ್ತೀನಿ."

"ಈಗ ಕರೀತೀನಿ. ಕುಂಕುಮ ತರ್ತೀನಿ ತಡಿ."

"ನಿನ್ನ ಮನ್ಯಾಗ ನಿಂತು ನಿನ್ನ ಮನಿಗಿ ಕರೀತಿ? ಇದ್ಯಾವ ಪದ್ಧತಿ?"

ಸ್ನೇಹಾಳ ಕಣ್ಣಲ್ಲಿ ನೀರು ಬಂತು. ಸುರೇಖಾ ಕೈ ಮುಗಿದಳು. ಅಕ್ಕ ಜಗ್ಗಲಿಲ್ಲ. ಮೂರು ವರ್ಷ ನಾನು ಹಿಡಿದು ಕೂತದ್ದು ಇದೇ ಪದ್ಧತಿ. ಅವಳು ಈಗ ಬಿಟ್ಟುಕೊಟ್ಟಿದ್ದರೆ ನನಗೆ ಬೇಸರವೇ ಆಗುತ್ತಿತ್ತು.

ಮರುದಿನ ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಕುಂಕುಮದ ಭರಣಿ, ಒಂದು ತೆಂಗಿನಕಾಯಿ, ಒಂದು ರವಿಕೆ ಖಣ ಚೀಲಕ್ಕೆ ಹಾಕಿಕೊಂಡು ಅಕ್ಕನ ಹಿಂದೆಯೇ ನಾಸಿಕದ ಬಸ್ಸು ಹತ್ತಿದೆ.

"ನೀ ಎಲ್ಲಿಗಿ?" ಅಂದಳು.

"ನಾಸಿಕದಾಗ ನಂದೊಂದು ಕೆಲಸ ಅದ."

ವೈಜಾಪುರ ದಾಟುವವರೆಗೆ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಯೇವಲೆಯಲ್ಲಿ ಬಸ್ಸು ನಿಂತಾಗ ಚಹಾ ಕುಡಿಸಿದೆ, ಕುಡಿದಳು. ಅವಳ ಮನೆಯ ಮೆಟ್ಟಿಲನ್ನು ಒಬ್ಬರ ಭುಜ ಒಬ್ಬರು ಹಿಡಿದು ಹತ್ತಿದೆವು. ಅವಳು ಬೀಗ ತೆಗೆದಳು.

"ಒಳಗ ಹೋಗಿ ಬಾಗಲಾ ಹಾಕ್ಕೊ," ಅಂದೆ.

ಹೋದಳು, ಹಾಕಿಕೊಂಡಳು. ಚಿಲಕವನ್ನೂ ಹಾಕಿದಳು. ನಾನು ತಲೆಯ ಮೇಲೆ ಸೆರಗು ಹೊದ್ದು ಬಾಗಿಲು ಬಡಿದೆ.

"ಯಾರ್ರೀ?"

"ನಾನ್ರೀ. ಸಂಭಾಜಿನಗರದಿಂದ ಬಂದೀನಿ. ಮೊಮ್ಮಗಳ ಕುಬಸ ಅದರೀ, ಕರೀಲಾಕ ಬಂದೀನಿ."

ಕೂಡಲೇ ತೆಗೆಯಲಿಲ್ಲ. ಒಳಗೆ ಕಪಾಟು ತೆರೆದ ಸದ್ದು, ಬಳೆಯ ಸದ್ದು, ಸೀರೆ ಬದಲಿಸುತ್ತಿದ್ದಳು. ಭರಣಿಯ ಮುಚ್ಚಳ ತೆಗೆದು ಹಿಡಿದು ಕಾದೆ. ಬಾಗಿಲು ತೆರೆದಾಗ ಅಕ್ಕ ಇಳಕಲ್ ಸೀರೆ ಉಟ್ಟು, ಹಣೆ ಮುಂದೆ ಮಾಡಿ ನಿಂತಿದ್ದಳು.

ಹಚ್ಚಿದೆ.