ಹೆದರಿಕೆ ಕೇಳಿ ಟೈರು ಕೊಡುತ್ತಿದ್ದವರು

ಕೊರಿಯರ್‌ನವನು ಕೊಟ್ಟುಹೋದ ಡಬ್ಬದಲ್ಲಿ ಎರಡು ಹೊಸ ಟೈರುಗಳಿದ್ದವು. ಬಿಚ್ಚಿದ ಕೂಡಲೇ ರಬ್ಬರಿನ ವಾಸನೆ ಬಂತು, ಅದಕ್ಕೇನೂ ಅನ್ನಿಸಲಿಲ್ಲ. ಟೈರಿನೊಳಗೆ ಅಂಟಿಕೊಳ್ಳದಿರಲಿ ಎಂದು ಟ್ಯೂಬಿಗೆ ಮುಖದ ಪೌಡರ್ ಸವರಿದೆ ನೋಡಿ, ಎರಡೂ ಸೇರಿದ ಆ ವಾಸನೆಗೆ ಅಲ್ಲಿ ಕೂರಲಾಗಲಿಲ್ಲ. ಟ್ಯೂಬನ್ನು ಅಲ್ಲೇ ಬಿಟ್ಟು ಹೊರಗೆ ಬಂದು ನಿಂತೆ. ಜಗಳೂರಿನ ಗಾಳಿ ಎಂದಿನಂತೆ ಒಣಹಾಕಿದ ಬಟ್ಟೆಗಳ ಜತೆ ಜಗಳಕ್ಕೆ ನಿಂತಿತ್ತು. ಟ್ಯೂಬಿಗೆ ಪೌಡರ್ ಹಚ್ಚುವುದನ್ನು ನನಗೆ ಕಲಿಸಿದವರು ಹೊನ್ನಾಳಿಯ ಸೈಕಲ್ ಶಾಪಿನ ಯಜಮಾನರು...

ಹತ್ತು ವರ್ಷದ ಹಿಂದಿನ ಮಾತು. ಆಗ ನಾನು ಹೊನ್ನಾಳಿಯಲ್ಲಿ ಆಸ್ಪತ್ರೆಯ ಲ್ಯಾಬಿನಲ್ಲಿದ್ದೆ. ಈಜು, ಸೈಕಲ್ಲು, ಓಟ ಮೂರನ್ನೂ ಒಂದೇ ಬೆಳಗ್ಗೆ ಒಂದರ ಹಿಂದೊಂದು ಮುಗಿಸುವ ಟ್ರಯಥ್ಲಾನ್ ಎಂಬ ಹುಚ್ಚು ತಲೆಗೆ ಹತ್ತಿತ್ತು. ತುಂಗಭದ್ರೆಯಲ್ಲಿ ಕೈಕಾಲು ಬಡಿದು ಬೆಳೆದವಳಿಗೆ ನೀರಿನ ಭಯವಿರಲಿಲ್ಲ. ಓಟವೂ ಹೇಗೋ ಆಗುತ್ತಿತ್ತು. ನನ್ನ ಜೀವ ಹಿಡಿಯಾಗುತ್ತಿದ್ದದ್ದು ಸೈಕಲ್ ಇಳಿಜಾರಿಗೆ ಬಿದ್ದಾಗ. ನ್ಯಾಮತಿ ಕಡೆ ಅಭ್ಯಾಸಕ್ಕೆ ಹೋದರೆ ಸಣ್ಣ ಇಳುಕಲಿನಲ್ಲೂ ಬ್ರೇಕ್ ಬಿಡುತ್ತಿರಲಿಲ್ಲ. ತಿರುವು ಬಂತೆಂದರೆ ಮುಂದಿನ ಗಾಲಿ ಈಗ ಜಾರಿತು, ಈಗ ಜಾರಿತು ಎಂದು ಹಲ್ಲು ಕಚ್ಚಿಕೊಂಡಿರುತ್ತಿದ್ದೆ. ಮೂವತ್ತು ದಾಟಿದ ಹೆಂಗಸು, ಯಾರ ಮುಂದೆ ಹೇಳಿಕೊಳ್ಳಲಿ?

ಯಜಮಾನರಿಗೆ ಸೈಕಲ್ ಹೊಡೆಯಲು ಬರುತ್ತಿರಲಿಲ್ಲ. ರಿಪೇರಿ ಮಾಡಿದ ಸೈಕಲ್ಲಿನ ಸೀಟಿನ ಮೇಲೆ ಕೈಯಿಟ್ಟು, ರಸ್ತೆಯ ತುದಿಯವರೆಗೆ ನಡೆಸಿಕೊಂಡು ಹೋಗಿ ವಾಪಸು ಬರುತ್ತಿದ್ದರು. ಅದೇ ಅವರ ಪರೀಕ್ಷೆ. "ಸೈಕಲ್ಲಿಗೆ ವಾಕಿಂಗ್ ಮಾಡಿಸ್ತಿದೀರೇನ್ರೀ ಯಜಮಾನ್ರೆ?" ಎಂದು ಪಕ್ಕದ ಹೋಟೆಲಿನವರು ದಿನಾ ಛೇಡಿಸುತ್ತಿದ್ದರು.

"ನೀವು ನೋಡೋದು ರೋಡು. ನಾನು ನೋಡೋದು ಮುರಿದು ಬಂದಿದ್ದು," ಎನ್ನುತ್ತಿದ್ದರು ಅವರು. "ಹತ್ತಾಕೆ ಧೈರ್ಯ ಎಲ್ಲಿಂದ ಬರಬೇಕ್ರೀ?"

ತಾವೇ ಅಷ್ಟು ಅಂಜುಬುರುಕರಾಗಿದ್ದರಿಂದಲೋ ಏನೋ, ಗಿರಾಕಿಗಳಿಗೆ ಅವರು ಮೊದಲು ಕೇಳುತ್ತಿದ್ದದ್ದು ಟೈರಿನ ಸೈಜನ್ನಲ್ಲ, ಹೆದರಿಕೆಯನ್ನು. "ಯಾವುದಕ್ಕೆ ಹೆದರಿಕೆ ಐತೆ ಹೇಳ್ರಿ." ಹಾಲಿನ ಕ್ಯಾನು ಹೇರುವವನು ಭಾರಕ್ಕೆ ಹೆದರುತ್ತಿದ್ದ, ಅವನಿಗೆ ಹಿಂದಿನ ಗಾಲಿಯ ಕಡ್ಡಿಗಳೆಲ್ಲ ದಪ್ಪನವು. ಗೋವಿನಕೋವಿಯಿಂದ ಬರುವ ರೈತನಿಗೆ ಜಾಲಿಮುಳ್ಳಿನ ಕಾಟ, ಅವನ ಟೈರಿನೊಳಗೆ ಹಳೇ ಟ್ಯೂಬಿನ ಪಟ್ಟಿ. ಇನ್ನು ಎಲ್ಲದಕ್ಕೂ ಹೆದರಿಕೆ ಎನ್ನುವವರಿಗೆ, "ಹಂಗಾದ್ರೆ ಮನ್ಯಾಗಿರ್ರಿ. ಒಂದು ಹೇಳ್ರಿ, ಅದಕ್ಕೆ ಮದ್ದು ಮಾಡ್ತೀನಿ," ಎನ್ನುತ್ತಿದ್ದರು.

ನನ್ನ ಮೊದಲ ರೇಸಿಗೆ ವಾರವಿರುವಾಗ ಸೈಕಲ್ ತಂದು ನಿಲ್ಲಿಸಿದೆ. ಗೆಳತಿಯೊಬ್ಬಳು ತನ್ನ ಅಂಗೈಯಗಲದ ರಿಮ್ಮಿನ ರೇಸ್ ಗಾಲಿಗಳನ್ನು ಕೊಡುತ್ತೇನೆಂದಿದ್ದಳು. ಫೋಟೋ ತೋರಿಸಿದೆ. "ನೋಡಾಕೆ ಚೆಂದ ಐತೆ. ಅಡ್ಡ ಗಾಳಿ ಬೀಸಿದ್ರೆ ನಿಮ್ಮನ್ನೂ ತಳ್ಕೊಂಡು ಹೋಗ್ತೈತೆ. ಬ್ಯಾಡ," ಎಂದರು. ನನ್ನ ಮಾಮೂಲಿ ಗಾಲಿಗಳನ್ನೇ ಬಿಚ್ಚಿ, ಒಂದೊಂದು ಕಡ್ಡಿಯನ್ನೂ ಬೆರಳಲ್ಲಿ ಮೀಟಿ ಬಿಗಿ ಮಾಡಿದರು. ಆಮೇಲೆ ಎರಡು ಜತೆ ಟೈರು ತಂದು ಮುಂದಿಟ್ಟರು. ಒಂದು ದಪ್ಪ, ಗಟ್ಟಿ, ಮುಳ್ಳಿಗೆ ಜಗ್ಗುವಂಥದಲ್ಲ. ಇನ್ನೊಂದು ಮೆತ್ತಗಿನದು, ಬೇಗ ಪಂಕ್ಚರ್ ಆಗುತ್ತದೆ, ಆದರೆ ಒದ್ದೆ ರಸ್ತೆಯನ್ನೂ ಕಚ್ಚಿ ಹಿಡಿಯುತ್ತದೆ. ಎರಡನ್ನೂ ವಿವರಿಸಿ ನನ್ನ ಮುಖ ನೋಡಿದರು. "ಯಾವುದಕ್ಕೆ ಹೆದರಿಕೆ ಐತ್ರೀ ಮೇಡಂ?"

ದಾವಣಗೆರೆಯಿಂದ ಬಂದಿದ್ದ ಇಬ್ಬರು ಸೈಕಲ್ ಸವಾರರು ಅಲ್ಲೇ ಬೆಂಚಿನ ಮೇಲೆ ಕೂತಿದ್ದರು. ಮೈಗಂಟಿದ ಬಟ್ಟೆ, ಕಪ್ಪು ಕನ್ನಡಕ. ಪಂಕ್ಚರ್ ಆದರೆ ರೇಸು ಮುಗಿದ ಹಾಗೇ ಎಂದು ಆಗಷ್ಟೇ ಮಾತಾಡಿಕೊಳ್ಳುತ್ತಿದ್ದರು. ಅವರೆದುರು ಇಳಿಜಾರಿಗೆ ಹೆದರುತ್ತೇನೆ ಎನ್ನಲು ನನ್ನ ನಾಲಿಗೆ ಏಳಲಿಲ್ಲ.

"ಪಂಕ್ಚರ್‌ಗೆ," ಎಂದೆ.

"ಜಾರೋದಕ್ಕೆ ಇಲ್ಲೇನು?"

"ಇಲ್ಲ ರೀ."

ಇನ್ನೊಂದು ಗಳಿಗೆ ನನ್ನನ್ನೇ ನೋಡಿ, ಗಟ್ಟಿ ಟೈರು ಎತ್ತಿಕೊಂಡರು.

ರೇಸಿನ ದಿನ ಈಜು ಮುಗಿಸಿ ಸೈಕಲ್ ಹತ್ತುವಾಗ ಜಿನುಗು ಮಳೆ ಹಿಡಿದಿತ್ತು. ಮೊದಲ ಇಳಿಜಾರಿನ ಎಡ ತಿರುವಿನಲ್ಲಿ ನಾನು ವರ್ಷವಿಡೀ ಹೆದರಿದ್ದು ಹೆದರಿದ ಹಾಗೇ ನಡೆಯಿತು. ಮುಂದಿನ ಗಾಲಿ ಸದ್ದಿಲ್ಲದೆ ಪಕ್ಕಕ್ಕೆ ಹೋಯಿತು. ಭುಜದ ಮೂಳೆ ಮುರಿಯಿತು. ಟೈರಿಗೆ ಪಂಕ್ಚರ್ ಮಾತ್ರ ಆಗಿರಲಿಲ್ಲ.

ಮೂರನೇ ದಿನ ಯಜಮಾನರು ಬಾಳೆಹಣ್ಣು ಹಿಡಿದುಕೊಂಡು ಮನೆಗೆ ಬಂದರು. ಕುರ್ಚಿ ಕೊಟ್ಟರೂ ಕೂರಲಿಲ್ಲ. ಮೊದಲು ಗಾಲಿ ನೋಡಬೇಕೆಂದರು. ಮೂಲೆಯಲ್ಲಿದ್ದ ಸೈಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಟೈರಿನ ಸುತ್ತ ಬೆರಳಾಡಿಸುತ್ತ ಬಹಳ ಹೊತ್ತು ನೋಡಿದರು. ನನ್ನ ಅವ್ವ ಒಳಗಿನಿಂದ ಸೈಕಲ್ಲಿಗೂ ಸೈಕಲ್ ಕಂಡುಹಿಡಿದವನಿಗೂ ಸೇರಿಸಿ ಶಾಪ ಹಾಕುತ್ತಿದ್ದಳು.

"ನನ್ನ ಕೈಯಾಗೆ ತಪ್ಪಾತ್ರೀ ಮೇಡಂ," ಎಂದರು. "ಮೆತ್ತಗಿನದು ಹಾಕ್ಬೇಕಿತ್ತು. ನಿಮ್ಮ ಮುಖದಾಗೇ ಕಾಣ್ತಿತ್ತು, ನಾನು ತಿಳ್ಕೊಳ್ಳಲಿಲ್ಲ."

ಆಗ ಹೇಳಬಹುದಿತ್ತು. ಕಟ್ಟಿಹಾಕಿದ್ದು ನನ್ನ ಭುಜವನ್ನು, ಬಾಯಿಯನ್ನಲ್ಲ. ಆದರೆ ಅವ್ವ ಕೇಳಿಸಿಕೊಳ್ಳುತ್ತಿದ್ದಳು. ಸುಳ್ಳು ಹೇಳಿ ಮೂಳೆ ಮುರಿದುಕೊಂಡೆ ಎಂದರೆ ಊರೆಲ್ಲ ನಗುತ್ತದೆ ಎನ್ನುವ ಭಯ ಬೇರೆ.

"ಪರವಾಗಿಲ್ಲ ಬಿಡ್ರಿ," ಎಂದೆ.

ನನ್ನ ತಪ್ಪಿಗೆ ನಾನು ಅವರನ್ನು ಕ್ಷಮಿಸಿಬಿಟ್ಟೆ! ಅವರು ಕೈ ಮುಗಿದು ಹೋದರು. ಆ ಕೈ ಮುಗಿದದ್ದನ್ನು ನೆನೆದರೆ ಇವತ್ತಿಗೂ ನನಗೆ ನನ್ನ ಮೇಲೇ ಅಸಹ್ಯವಾಗುತ್ತದೆ.

ಆಮೇಲೆ ಯಜಮಾನರು ಹೆದರಿಕೆ ಕೇಳುವುದನ್ನೇ ಬಿಟ್ಟರು ಎಂದು ಲ್ಯಾಬಿಗೆ ಬಂದ ಹೋಟೆಲಿನವರೇ ಹೇಳಿದರು. ಸೈಜು ಕೇಳಿ ಟೈರು ಕೊಡುತ್ತಾರಂತೆ, ಅಷ್ಟೆ. ಚನ್ನಗಿರಿಯಿಂದ ಯಾರೋ ರೇಸಿನ ಗಾಲಿ ಹಿಡಿದು ಬಂದರೆ ಮುಟ್ಟದೆ ವಾಪಸು ಕಳಿಸಿದರಂತೆ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಲೇ ನಾನು ರಸ್ತೆಯ ಆಚೆ ಬದಿಯಲ್ಲಿ ತಲೆ ತಗ್ಗಿಸಿ ಹೋಗಲು ಕಲಿತೆ. ಜಗಳೂರಿಗೆ ವರ್ಗವಾದಾಗ ದುಃಖದ ಬದಲು ನಿರಾಳವಾಯಿತು. ಹೋದ ವರ್ಷ ಯಜಮಾನರು ತೀರಿಕೊಂಡ ಸುದ್ದಿ ಬಂತು... ಮಣ್ಣಿಗೂ ಹೋಗಲಿಲ್ಲ.

ಈಗ ಮತ್ತೆ ರೇಸಿಗೆ ಹೆಸರು ಕೊಟ್ಟಿದ್ದೇನೆ. ಬಿಳಿಚೋಡಿನ ಬಯಲಿನಲ್ಲಿ ಅಡ್ಡ ಗಾಳಿಗೆ ಸೈಕಲ್ ಅಲುಗಿದಾಗಲೆಲ್ಲ ಹಳೆಯ ಭಯ ಬೆನ್ನು ಹತ್ತುತ್ತದೆ. ಆ ಪೌಡರಿನ ವಾಸನೆ ಬಂದ ದಿನದಿಂದ ಇನ್ನೊಂದು ಭಯವೂ ಸೇರಿಕೊಂಡಿತು. ಇದನ್ನು ಯಾರಿಗೂ ಹೇಳದೇ ನಾನೂ ಸತ್ತುಬಿಟ್ಟರೆ? ಹೋದ ಭಾನುವಾರ ಬಸ್ಸು ಹತ್ತಿ ಹೊನ್ನಾಳಿಗೆ ಹೋದೆ.

ಅಂಗಡಿಯ ಹಿಂದೆಯೇ ಮನೆ. ಅವರ ಹೆಂಡತಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ನಾನು ಯಾರೆಂದು ಹೇಳಿದೆ, ಆಮೇಲೆ ಎಲ್ಲವನ್ನೂ ಹೇಳಿದೆ. ಅವರು ಅಕ್ಕಿಯಿಂದ ಕೈ ತೆಗೆದು ಕೇಳಿಸಿಕೊಂಡರು.

"ಆಮ್ಯಾಕೆ ಸಣ್ಣ ಹುಡುಗ್ರ ಸೈಕಲ್ಲನ್ನೂ ಎರಡೆರಡು ಸಲ ಬಿಚ್ಚಿ ನೋಡಾರು," ಎಂದರು. "ಕೈ ನಡುಗ್ತಿತ್ತು. ವಯಸ್ಸಾತು ಅನ್ಕೊಂಡಿದ್ದೆ ನಾನು."

ನಾನು ಅತ್ತೆ. ಅವರು ಅಳಲಿಲ್ಲ.

"ನನಗ್ಯಾಕೆ ಹೇಳ್ತೀಯವ್ವ? ಅವ್ರಿಗೆ ಹೇಳ್ಬೇಕಿತ್ತು," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ತಡೆಯದಾಯಿತು. "ಅಂಗಡಿ ಬಾಗ್ಲು ದಿನಾ ತೆಗೆದೇ ಇರ್ತಿತ್ತಲ್ಲ."

ಚಹಾ ಕೊಟ್ಟರು, ಕುಡಿದೆ. ಬಸ್ಸಿನಲ್ಲಿ ವಾಪಸು ಬರುವಾಗ ಕಿಟಕಿಗೆ ಮುಖ ಮಾಡಿ ಆ ಮಾತನ್ನು ತುಟಿಯೊಳಗೇ ಹೇಳಿ ನೋಡಿದೆ. ಯಜಮಾನ್ರೆ, ಸುಳ್ಳು ಹೇಳಿದ್ದು ನಾನು, ನಿಮ್ಮ ಕೈ ತಪ್ಪಿರಲಿಲ್ಲ... ಅಷ್ಟೇ. ಹೇಳಿ ಮುಗಿಸಲು ಅರ್ಧ ನಿಮಿಷವೂ ಹಿಡಿಯಲಿಲ್ಲ.